ಹೆಬ್ಬೆಟ್ಟು ಒತ್ತಿದರೆ ಸಹಿ, ಎತ್ತಿದರೆ?

ಪ್ರಶ್ನೆ: ನಾನು ಶಿರಸಿ ಕಡೆಯ ಅಡಿಕೆ ಬೆಳೆಗಾರ. ನಾನು ಖಾಯಂ ಅಡಿಕೆ ಕೊಡುವ ವ್ಯಾಪಾರಿಯೊಬ್ಬರು ವಾಟ್ಸಾಪಿನಲ್ಲಿ ಹೀಗೆ ಕಳಿಸಿದರು: '12 ಕ್ವಿಂಟಲ್ ರಾಶಿ, 50 ಸಾವಿರ. ಸೋಮವಾರ ಗಾಡಿ ಕಳಿಸ್ತೆ. ತೇವ ನೋಡಿ ರೇಟು ಫೈನಲ್ ಮಾಡುವ.' (ರಾಶಿ ಎಂದರೆ ಅಡಿಕೆಯ ಒಂದು ಬಗೆ, 50 ಸಾವಿರ ಎಂದದ್ದು ಕ್ವಿಂಟಲ್‌ಗೆ.) ನಾನು ತೋಟದಲ್ಲಿದ್ದೆ, ಕೈಯಲ್ಲಿ ಕತ್ತಿ ಇತ್ತು. ಹೆಬ್ಬೆಟ್ಟು ಎತ್ತಿದ ಎಮೋಜಿ ಒತ್ತಿ ಫೋನು ಜೇಬಿಗೆ ಹಾಕಿದೆ. 'ನೋಡಿದೆ' ಅಂತ, ಅಷ್ಟೇ. ಶನಿವಾರದ ಹೊತ್ತಿಗೆ ರೇಟು ಕ್ವಿಂಟಲ್‌ಗೆ 4 ಸಾವಿರ ಏರಿತು. ಸೋಮವಾರ ಗಾಡಿ ಬಂದಾಗ ಮಾಲು ಕೊಡುವುದಿಲ್ಲ ಎಂದೆ. ಈಗ ಅವರು ನೋಟಿಸ್ ಕೊಡ್ತೇನೆ ಅಂತಿದ್ದಾರೆ. ಸಹಿ ಇಲ್ಲ, ಕಾಗದ ಇಲ್ಲ, ಒಂದು ರೂಪಾಯಿ ಅಡ್ವಾನ್ಸೂ ಇಲ್ಲ. ಬರೀ ಒಂದು ಎಮೋಜಿಗೆ ಕೋರ್ಟಿನಲ್ಲಿ ಬೆಲೆ ಇದೆಯೇ? ಆ ಚಾಟ್ ಅಳಿಸಿಬಿಡಲೇ? ಹೋದ ವರ್ಷವೂ ಹೀಗೇ ಹೆಬ್ಬೆಟ್ಟು ಹಾಕಿದ್ದೆ. ಆಗ ಮಾಲು ಕೊಟ್ಟಿದ್ದೆ, ಏನೂ ತಕರಾರು ಆಗಿರಲಿಲ್ಲ.

ಉತ್ತರ: ಮಾರಾಯ್ರೇ, ಮೊದಲು ಚಾಟ್ ಅಳಿಸುವ ಯೋಚನೆ ಬಿಡಿ. ಅದರ ಕಾರಣ ಆಮೇಲೆ ಹೇಳುತ್ತೇನೆ. ಇನ್ನು ನಿಮ್ಮ ಪತ್ರದ ಕೊನೆಯ ಎರಡು ವಾಕ್ಯಗಳು. ಅವನ್ನು ನೀವು 'ಇದೆಲ್ಲ ಮಾಮೂಲಿ' ಎಂಬ ಧಾಟಿಯಲ್ಲಿ ಬರೆದಿದ್ದೀರಿ. ಎದುರಿನ ವಕೀಲರ ಕೈಗೆ ಸಿಕ್ಕಿದರೆ ಅವರು ಆ ಎರಡು ವಾಕ್ಯಗಳಿಗೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡುತ್ತಾರೆ.

ಎಮೋಜಿಗೆ ಬೆಲೆ ಇದೆಯೇ? ಕೆನಡಾದಲ್ಲಿ ಒಂದು ಹೆಬ್ಬೆಟ್ಟಿನ ಬೆಲೆ 82,200 ಡಾಲರ್ ಆಗಿದೆ. ಆ ಕತೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಊರು, ಬೆಳೆ ಬದಲಾಯಿಸಿದರೆ ಅದು ನಿಮ್ಮದೇ ಕತೆ.

ಸಾಸ್ಕ್ಯಾಚುವನ್ ಪ್ರಾಂತ್ಯದ ಒಬ್ಬ ರೈತ. ಬೆಳೆ ಅಗಸೆ. 2021ರ ಮಾರ್ಚ್‌ನಲ್ಲಿ ಧಾನ್ಯ ಖರೀದಿ ಕಂಪನಿಯವನು ರೈತನೊಂದಿಗೆ ಫೋನಿನಲ್ಲಿ ಮಾತಾಡಿದ. ಆಮೇಲೆ 86 ಟನ್ ಅಗಸೆಗೆ ಕರಾರು ಬರೆದು, ತಾನು ಸಹಿ ಮಾಡಿ, ಫೋನಿನಲ್ಲೇ ಅದರ ಫೋಟೋ ತೆಗೆದು ಕಳಿಸಿದ. ಬೆಲೆ ಬುಶೆಲ್‌ಗೆ (ಅಲ್ಲಿನ ಧಾನ್ಯದ ಅಳತೆ) 17 ಡಾಲರ್, ಮಾಲು ಕೊಡಬೇಕಾದದ್ದು ನವೆಂಬರ್‌ನಲ್ಲಿ. ಕರಾರನ್ನು ಖಚಿತಪಡಿಸಿ ಎಂದು ಒಂದು ಸಾಲು ಬೇರೆ ಇತ್ತು. ರೈತ ಹೆಬ್ಬೆಟ್ಟು ಎತ್ತಿದ. ನವೆಂಬರ್ ಬಂತು, ಅಗಸೆ ಬರಲಿಲ್ಲ. ಅಷ್ಟು ಹೊತ್ತಿಗೆ ಪೇಟೆಯಲ್ಲಿ ಬೆಲೆ 41 ಡಾಲರ್ ಆಗಿತ್ತು.

ರೈತ ಕೋರ್ಟಿನಲ್ಲಿ ಹೇಳಿದ್ದು ಥೇಟ್ ನಿಮ್ಮ ಮಾತು. 'ಫೋಟೋ ಬಂತು ಅಂತ ಹೇಳಿದೆ, ಒಪ್ಪಿದೆ ಅಂತ ಅಲ್ಲ. ಪೂರ್ತಿ ಕರಾರು ಫ್ಯಾಕ್ಸ್‌ನಲ್ಲೋ ಇಮೇಲ್‌ನಲ್ಲೋ ಬರುತ್ತದೆ, ಆಮೇಲೆ ಓದಿ ನೋಡೋಣ ಅಂದುಕೊಂಡಿದ್ದೆ' ಎಂದ. ಅವನ ವಕೀಲರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಇವತ್ತು ಹೆಬ್ಬೆಟ್ಟಿಗೆ ಅರ್ಥ ಹುಡುಕಿದರೆ ನಾಳೆ ಮುಷ್ಟಿಯ ಎಮೋಜಿ, ಕೈಕುಲುಕುವ ಎಮೋಜಿ ಎಲ್ಲವೂ ಕೋರ್ಟಿನ ಬಾಗಿಲಿಗೆ ಬಂದು ನಿಲ್ಲುತ್ತವೆ ಎಂದು ವಾದಿಸಿದರು. ನ್ಯಾಯಮೂರ್ತಿ ಕೀನ್ ಅಂತರ್ಜಾಲದ ಒಂದು ನಿಘಂಟು ತೆರೆದು ಆ ಎಮೋಜಿಗೆ ಏನು ಅರ್ಥ ಕೊಟ್ಟಿದ್ದಾರೆ ಎಂದು ನೋಡಿದರು. ಒಪ್ಪಿಗೆ, ಮೆಚ್ಚುಗೆ ಎಂದಿತ್ತು. ತಂತ್ರಜ್ಞಾನಕ್ಕೆ ತಡವಾಗಿ ಬಂದ ತನಗೂ ಅದು ಹಾಗೆಯೇ ಕಾಣುತ್ತದೆ ಎಂದು ತೀರ್ಪಿನಲ್ಲಿ ಬರೆದರು. ಜಡ್ಜ್ ಒಬ್ಬರು ಇಷ್ಟು ಪ್ರಾಮಾಣಿಕವಾಗಿ ಬರೆಯುವುದು ಅಪರೂಪ.

ಆದರೆ ರೈತನನ್ನು ಸೋಲಿಸಿದ್ದು ನಿಘಂಟು ಅಲ್ಲ. ಅವನ ಹಳೆಯ ಮೆಸೇಜುಗಳು. ಹಿಂದೆಯೂ ಅದೇ ಕಂಪನಿ ಹೀಗೇ ಕರಾರಿನ ಫೋಟೋ ಕಳಿಸಿತ್ತು. ಅವನು ಒಮ್ಮೆ 'ಓಕೆ', ಒಮ್ಮೆ 'ಹೂಂ', ಒಮ್ಮೆ 'ಚೆನ್ನಾಗಿದೆ' ಎಂದು ಒಂದೊಂದೇ ಪದ ಬರೆದಿದ್ದ. ಪ್ರತಿ ಸಲ ಮಾಲು ಕೊಟ್ಟಿದ್ದ, ದುಡ್ಡು ತಗೊಂಡಿದ್ದ. ಆಗೆಲ್ಲ ಒಂದು ಪದ ಸಾಕಾಗಿತ್ತು, ಈ ಸಲ ಮಾತ್ರ ಸಾಲದು ಎಂದರೆ ಹೇಗೆ ಎಂದು ಕೋರ್ಟು ಕೇಳಿತು. 2023ರಲ್ಲಿ ತೀರ್ಪು ಬಂತು. 2024ರ ಡಿಸೆಂಬರ್‌ನಲ್ಲಿ ಮೇಲ್ಮನವಿ ಕೋರ್ಟು ಕೂಡ ಬಹುಮತದಿಂದ ಅದನ್ನೇ ಎತ್ತಿ ಹಿಡಿಯಿತು. ಒಬ್ಬ ನ್ಯಾಯಮೂರ್ತಿ ಮಾತ್ರ ಒಪ್ಪಲಿಲ್ಲ.

ಈಗ ಹೋದ ವರ್ಷದ ನಿಮ್ಮ ಹೆಬ್ಬೆಟ್ಟಿನ ಬಗ್ಗೆ ನನಗೆ ಯಾಕೆ ಚಿಂತೆ ಎಂದು ಗೊತ್ತಾಯಿತಲ್ಲ?

'ಸಹಿ ಇಲ್ಲ' ಎಂದು ನೀವು ಧೈರ್ಯವಾಗಿದ್ದೀರಿ. ಇಲ್ಲೇ ಜನ ಜಾಸ್ತಿ ಎಡವುವುದು. ಕೆನಡಾದ ಜಗಳದಲ್ಲಿ ಅರ್ಧ ಭಾಗ ಸಹಿಯದ್ದೇ. ಅಲ್ಲಿನ ಕಾನೂನಿನಲ್ಲಿ ಇಂಥ ಮಾರಾಟಕ್ಕೆ ಬರಹ ಬೇಕು, ಸಹಿ ಬೇಕು. ಹೆಬ್ಬೆಟ್ಟು ಸಹಿ ಹೌದೋ ಅಲ್ಲವೋ ಎಂದೇ ಪುಟಗಟ್ಟಲೆ ಚರ್ಚೆ ನಡೆಯಿತು. ಅದು ಅವನ ಸ್ವಂತ ಫೋನು, ಸ್ವಂತ ನಂಬರು, ಆದ್ದರಿಂದ ಸಹಿ ಎಂದೇ ಲೆಕ್ಕ ಎಂದರು. ಒಪ್ಪದ ನ್ಯಾಯಮೂರ್ತಿಯ ತಕರಾರು ಇದ್ದದ್ದೂ ಅಲ್ಲೇ. ನಮ್ಮಲ್ಲಿ ಆ ಕಷ್ಟವೇ ಇಲ್ಲ. 1930ರ ಸರಕು ಮಾರಾಟ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಸರಕಿನ ಮಾರಾಟದ ಒಪ್ಪಂದ ಬಾಯಿಮಾತಿನಲ್ಲಿ ಆಗಬಹುದು, ಬರಹದಲ್ಲಿ ಆಗಬಹುದು, ಇಬ್ಬರೂ ನಡೆದುಕೊಂಡ ರೀತಿಯಿಂದಲೇ ಆಯಿತು ಎಂದೂ ಹೇಳಬಹುದು. ಅಡಿಕೆಗೆ ಸಹಿ ಬೇಡ. ಅಡ್ವಾನ್ಸೂ ಬೇಡ. ತೋಟವನ್ನೇ ಮಾರುವುದಾದರೆ ಬೇರೆ ಮಾತು. ಅದಕ್ಕೆ ಕ್ರಯಪತ್ರ, ನೋಂದಣಿ ಎಲ್ಲ ಬೇಕು. ತೋಟದ ಫಸಲಿಗೆ ಬೇಡ.

ಇದು ಇಂಟರ್ನೆಟ್ ತಂದ ಹೊಸ ಕಷ್ಟ ಎಂದುಕೊಳ್ಳಬೇಡಿ. ನಮ್ಮ ದನದ ಜಾತ್ರೆಗಳಲ್ಲಿ ದಲ್ಲಾಳಿಗಳು ವ್ಯಾಪಾರ ಮಾಡುತ್ತಿದ್ದದ್ದು ಹೇಗೆ? ಟವೆಲ್ ಕೆಳಗೆ ಕೈ ತೂರಿಸಿ, ಬೆರಳು ಹಿಡಿದು. ಸುತ್ತ ನಿಂತವರಿಗೆ ಒಂದಕ್ಷರ ಕೇಳುತ್ತಿರಲಿಲ್ಲ. ಬೆರಳು ಬಿಟ್ಟಾಗ ಜೋಡೆತ್ತಿನ ಒಡೆಯ ಬದಲಾಗಿರುತ್ತಿದ್ದ. 1872ರ ಭಾರತೀಯ ಕರಾರು ಕಾಯ್ದೆಯ 9ನೇ ಸೆಕ್ಷನ್ ಮಾತಿಲ್ಲದೆಯೂ ವಚನ ಕೊಡಬಹುದು ಎನ್ನುತ್ತದೆ. ಹರಾಜಿನಲ್ಲಿ ಸುತ್ತಿಗೆ ಬಿದ್ದರೆ ಮಾರಾಟ ಮುಗಿಯಿತು ಎಂದು ಸರಕು ಮಾರಾಟ ಕಾಯ್ದೆಯಲ್ಲೇ ಇದೆ. ಅದೆಲ್ಲ ಬಿಡಿ. ಮದುವೆ ಮಾತುಕತೆಯಲ್ಲಿ ಎರಡೂ ಕಡೆಯವರು ಒಪ್ಪಿದರು ಎಂದು ಊರಿಗೆ ತಿಳಿಸುವುದು ಹೇಗೆ? ವೀಳ್ಯದೆಲೆ, ಅಡಿಕೆ ಬದಲಾಯಿಸಿಕೊಂಡು. ಒಪ್ಪಿಗೆಯ ಗುರುತಾಗಿ ಊರೂರಿಗೆ ಹೋಗುವ ಅಡಿಕೆಯನ್ನೇ ಬೆಳೆಯುವ ನೀವು 'ಗುರುತಿಗೆ ಏನು ಬೆಲೆ' ಎಂದು ಕೇಳಿದ್ದು ನನಗೆ ತುಂಬ ಇಷ್ಟವಾಯಿತು.

ಹೆಬ್ಬೆಟ್ಟಿನ ಕತೆಯಂತೂ ಇನ್ನೂ ಸ್ವಾರಸ್ಯ. ಅಕ್ಷರ ಬಾರದ ನಮ್ಮ ಅಜ್ಜಂದಿರು ಸಾಹುಕಾರನ ಕಾಗದಕ್ಕೆ ಒತ್ತಿದ್ದು ಇದೇ ಬೆರಳನ್ನು. ಬರೆಯಲು ಬಾರದವನ ಗುರುತೂ ಸಹಿಯೇ ಎಂದು 1897ರ ಸಾಮಾನ್ಯ ಖಂಡಗಳ ಕಾಯ್ದೆ ಹೇಳುತ್ತದೆ. ಆ ಹೆಬ್ಬೆಟ್ಟಿನಿಂದ ಎಷ್ಟು ಜಮೀನು ಹೋಯಿತು ಎಂದು ನಿಮ್ಮ ಸೀಮೆಯ ಹಿರಿಯರನ್ನು ಕೇಳಿ. ಮೂರು ತಲೆಮಾರು ಶಾಲೆಗೆ ಹೋಗಿ ಸಹಿ ಕಲಿತೆವು. ಕಲಿತು ಈಗ ಮತ್ತೆ ಹೆಬ್ಬೆಟ್ಟಿಗೇ ಬಂದು ನಿಂತಿದ್ದೇವೆ. ಒಂದೇ ವ್ಯತ್ಯಾಸ: ಆಗ ಶಾಯಿ ಹಚ್ಚಿ ಕೆಳಗೆ ಒತ್ತುತ್ತಿದ್ದರು, ಈಗ ಮೇಲಕ್ಕೆ ಎತ್ತುತ್ತೇವೆ. ಆಗ ಕಾಗದದಲ್ಲಿ ಏನಿದೆ ಎಂದು ಓದಲು ಬರುತ್ತಿರಲಿಲ್ಲ. ಈಗ ಬರುತ್ತದೆ, ಓದುವುದಿಲ್ಲ.

ನೀವು ಏನೂ ಉತ್ತರ ಕೊಡದೆ ಸುಮ್ನೆ ಇದ್ದಿದ್ದರೆ ಬಚಾವಾಗುತ್ತಿದ್ದಿರಿ. ಮೌನ ಸಮ್ಮತಿಯ ಲಕ್ಷಣ ಎಂಬ ಮಾತು ಹೆಣ್ಣು ಕೇಳಲು ಹೋದವರಿಗೆ ಸರಿ, ಕರಾರು ಕಾಯ್ದೆಗೆ ಅಲ್ಲ. 1862ರಲ್ಲಿ ಇಂಗ್ಲೆಂಡಿನಲ್ಲಿ ಒಬ್ಬ ತನ್ನ ಸಹೋದರನ ಮಗನಿಗೆ ಕಾಗದ ಬರೆದ. ನಿನ್ನಿಂದ ಉತ್ತರ ಬರದಿದ್ದರೆ ಆ ಕುದುರೆ 30 ಪೌಂಡ್ 15 ಶಿಲ್ಲಿಂಗಿಗೆ ನನ್ನದು ಎಂದುಕೊಳ್ಳುತ್ತೇನೆ ಅಂದ. ಹುಡುಗ ಉತ್ತರ ಬರೆಯಲಿಲ್ಲ. ಮೌನದಿಂದ ವ್ಯಾಪಾರ ಕುದುರುವುದಿಲ್ಲ ಎಂದಿತು ಕೋರ್ಟು. ಫೆಲ್ಟ್‌ಹೌಸ್ ಮೊಕದ್ದಮೆ ಎಂದು ಕಾನೂನು ಓದುವ ಎಲ್ಲ ಹುಡುಗರೂ ಅದನ್ನು ಬಾಯಿಪಾಠ ಮಾಡುತ್ತಾರೆ. ಆಗ ಎಮೋಜಿ ಇದ್ದಿದ್ದರೆ ಆ ಕುದುರೆಯ ಗತಿ ಏನಾಗುತ್ತಿತ್ತೋ.

ಇಷ್ಟು ಹೆದರಿಸಿದ ಮೇಲೆ ನಿಮ್ಮ ಪರವಾದ ಮಾತಿಗೆ ಬರುತ್ತೇನೆ.

'ನೋಡಿದೆ ಅಂತ ಅಷ್ಟೇ' ಎಂಬ ನಿಮ್ಮ ಮಾತು ನಗುವಂಥದ್ದಲ್ಲ. ಚಿಕ್ಕವರಿದ್ದಾಗ ಅಜ್ಜಿ ಕತೆ ಹೇಳುವಾಗ ನಾವು ಹೂಂಗುಟ್ಟಬೇಕಿತ್ತು. ಹೂಂ ಎನ್ನದಿದ್ದರೆ ಕತೆ ನಿಲ್ಲುತ್ತಿತ್ತು. ಆ ಹೂಂ ಎಂದರೆ ಕತೆಗೆ ಒಪ್ಪಿಗೆ ಕೊಟ್ಟೆ ಎಂದಲ್ಲ. ಎಚ್ಚರ ಇದ್ದೇನೆ, ಕೇಳುತ್ತಿದ್ದೇನೆ, ಮುಂದುವರಿಸು ಎಂದು. ಫೋನಿನಲ್ಲಿ ಇವತ್ತಿಗೂ ನಾವು ಹೂಂ, ಹೂಂ ಎನ್ನುತ್ತೇವೆ, ಕೊನೆಗೆ 'ಆಗೂದಿಲ್ಲ' ಎನ್ನುತ್ತೇವೆ. ಕನ್ನಡದ ಹೂಂಗೆ ಹೀಗೆ ಎರಡು ಮುಖ. ಒಂದು ಕೇಳಿಸಿಕೊಂಡ ಹೂಂ, ಇನ್ನೊಂದು ಒಪ್ಪಿಕೊಂಡ ಹೂಂ. ವಾಟ್ಸಾಪಿನ ಹೆಬ್ಬೆಟ್ಟು ಈ ಹೂಂನ ತಮ್ಮ. ನಿಮ್ಮದು ಯಾವ ಹೂಂ ಎಂಬುದೇ ಇಡೀ ಮೊಕದ್ದಮೆ.

ಕೇಳಿಸಿಕೊಂಡ ಹೂಂ ಎಂದು ಕೋರ್ಟು ಒಪ್ಪಿದ ಉದಾಹರಣೆ ನಮ್ಮ ನೆರೆಯಲ್ಲೇ ಇದೆ. ರೈಲ್ವೆ ರಕ್ಷಣಾ ಪಡೆಯ ಒಬ್ಬ ಕಾನ್‌ಸ್ಟೆಬಲ್. ಪಡೆಯ ಅಧಿಕಾರಿಯೊಬ್ಬರ ಕೊಲೆಯಾದ ಸುದ್ದಿ ವಾಟ್ಸಾಪ್ ಗುಂಪಿಗೆ ಬಂತು. ಈತ ಹೆಬ್ಬೆಟ್ಟು ಎತ್ತಿದ. ಕೊಲೆಯನ್ನು ಸಂಭ್ರಮಿಸಿದ ಎಂದು ಅವನನ್ನು ಕೆಲಸದಿಂದಲೇ ತೆಗೆದುಹಾಕಿದರು. 2024ರಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ಅವನ ಪರ ನಿಂತಿತು. ಆ ಗುರುತನ್ನು ಮೆಸೇಜ್ ನೋಡಿದ್ದೇನೆ ಎಂಬ ಅರ್ಥದಲ್ಲಿ ತೆಗೆದುಕೊಳ್ಳಬಹುದು, ಸಂಭ್ರಮ ಎಂದು ಹೇಳಲಾಗದು ಎಂದಿತು. ಅದೇ ಹೈಕೋರ್ಟು 2018ರಲ್ಲಿ ನಕ್ಕು ನಕ್ಕು ಕಣ್ಣೀರು ಬರುವ ಎಮೋಜಿಯ ಒಂದು ಕೇಸನ್ನೂ ರದ್ದು ಮಾಡಿತ್ತು. ವಾಟ್ಸಾಪ್ ಗುಂಪಿಗೆ ಬಂದ ಒಂದು ವಿಡಿಯೋ ಕೆಳಗೆ ಸಹೋದ್ಯೋಗಿಗಳು ಆ ಎಮೋಜಿ ಹಾಕಿದ್ದರು. ಪೊಲೀಸ್ ಠಾಣೆಯವರೆಗೆ ಹೋಗಿತ್ತು.

ಒಂದೇ ಬೆರಳು. ಕೆನಡಾದಲ್ಲಿ ಕರಾರಾಯಿತು, ಮದುರೈಯಲ್ಲಿ 'ನೋಡಿದೆ' ಆಯಿತು. ವ್ಯತ್ಯಾಸ ಬೆರಳಿನಲ್ಲಿಲ್ಲ. ಬೆರಳು ಎತ್ತಿದ್ದು ಯಾವ ಮಾತಿಗೆ, ಅದಕ್ಕೆ ಮುಂಚೆ ಇಬ್ಬರ ನಡುವೆ ಏನು ರೂಢಿ ಇತ್ತು, ಎತ್ತಿದ ಮೇಲೆ ಏನಾಯಿತು ಎಂಬುದರಲ್ಲಿದೆ. ಕೊಲೆ ಸುದ್ದಿಗೆ ಯಾರೂ ಒಪ್ಪಿಗೆ ಕೇಳಿರಲಿಲ್ಲ. ಅಗಸೆಯ ಫೋಟೋದ ಜೊತೆ ಖಚಿತಪಡಿಸಿ ಎಂದು ನೇರವಾಗಿ ಕೇಳಿದ್ದರು. ಜರ್ಮನಿಯಲ್ಲಿ ಫೆರಾರಿ ಕಾರಿನ ಒಂದು ಜಗಳ ಆಗಿತ್ತು. ಕಾರು ಬರುವುದು ತಡ ಎಂದು ಮಾರುವವನು ತಿಳಿಸಿದಾಗ ಕೊಳ್ಳುವವನು 'ಅಯ್ಯೋ' ಎಂಬಂಥ ಒಂದು ಪದ ಬರೆದು ಹಲ್ಲು ಕಿರಿದ ಮುಖ ಹಾಕಿದ್ದ. ತಡವಾದರೂ ಪರವಾಗಿಲ್ಲ ಎಂದು ಅವನು ಒಪ್ಪಿದಂತಾಗಲಿಲ್ಲ ಎಂದು 2024ರಲ್ಲಿ ಮ್ಯೂನಿಕ್‌ನ ಮೇಲಿನ ಕೋರ್ಟು ಹೇಳಿತು. ಸರಿಯಾದ ಮಾತು. ಹಲ್ಲು ಕಿರಿಯುವುದು ನಮ್ಮಲ್ಲೂ ಒಪ್ಪಿಗೆ ಅಲ್ಲ, ಸಾಲ ಕೊಟ್ಟವನು ಎದುರಿಗೆ ಸಿಕ್ಕಾಗ ಮಾಡುವ ಕೆಲಸ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇಸ್ರೇಲಿನ 2017ರ ಒಂದು ಚಿಕ್ಕ ಮೊಕದ್ದಮೆ. ಬಾಡಿಗೆ ಮನೆ ಹುಡುಕುತ್ತಿದ್ದ ದಂಪತಿ ಮನೆ ಮಾಲೀಕನಿಗೆ ಮೆಸೇಜ್ ಕಳಿಸಿದರು. ಮನೆ ಬೇಕು, ವಿವರ ಮಾತಾಡೋಣ ಎಂಬುದರ ಜೊತೆಗೆ ನಗುಮುಖ, ಕುಣಿಯುವವರು, ಶಾಂಪೇನ್ ಬಾಟಲಿ, ಧೂಮಕೇತು, ಇವುಗಳ ನಡುವೆ ಒಂದು ಅಳಿಲು. ಇಷ್ಟು ಸಂಭ್ರಮ ನೋಡಿ ಮಾಲೀಕ ಜಾಹೀರಾತು ತೆಗೆದುಹಾಕಿದ. ದಂಪತಿ ಆಮೇಲೆ ನಾಪತ್ತೆ. ಕರಾರು ಆಗಿಲ್ಲ ಎಂದು ಕೋರ್ಟೇ ಒಪ್ಪಿತು. ಆದರೂ ಸುಮ್ಮನೆ ಆಸೆ ಹುಟ್ಟಿಸಿ ಮೋಸದ ಮಾತುಕತೆ ನಡೆಸಿದಿರಿ ಎಂದು 8,000 ಶೆಕೆಲ್ ಕಟ್ಟಿಸಿತು. ಅಳಿಲು ಅಲ್ಲಿ ಯಾವ ಸೇವೆ ಮಾಡುತ್ತಿತ್ತು ಎಂಬುದು ಇವತ್ತಿಗೂ ನನಗೆ ಅರ್ಥವಾಗಿಲ್ಲ.

ಭಾರತದಲ್ಲಿ ಹೆಬ್ಬೆಟ್ಟಿನ ಎಮೋಜಿಯಿಂದಲೇ ಮಾರಾಟ ಆಯಿತು ಅಥವಾ ಆಗಲಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದ ತೀರ್ಪನ್ನು ನಾನು ನಿಮಗೆ ತೋರಿಸಲಾರೆ. ಆದರೆ ದಾರಿ ಮಾತ್ರ ಸಿದ್ಧವಾಗಿದೆ. ಬರೀ ಇಮೇಲ್‌ಗಳ ಮೇಲೆ ಕರಾರು ಕುದುರಬಹುದು ಎಂದು 2010ರಲ್ಲೇ ಟ್ರೈಮೆಕ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅದು ಬಾಕ್ಸೈಟ್ ವ್ಯಾಪಾರ. ಡಿಜಿಟಲ್ ಆಗಿ ನಡೆಯಿತು ಎಂಬ ಒಂದೇ ಕಾರಣಕ್ಕೆ ಕರಾರನ್ನು ತಳ್ಳಿಹಾಕುವಂತಿಲ್ಲ ಎಂದು ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 10ಎ ಸೆಕ್ಷನ್ ಹೇಳುತ್ತದೆ. ಇನ್ನು ವಾಟ್ಸಾಪ್ ಬಗ್ಗೆಯೇ, 2020ರ ಅಂಬಾಲಾಲ್ ಸಾರಾಭಾಯಿ ಮೊಕದ್ದಮೆಯಲ್ಲಿ, ಆ ಮೆಸೇಜುಗಳನ್ನು ಬಾಯಿಮಾತಿನಂತೆಯೇ ನೋಡಬೇಕು, ಅವುಗಳ ಅರ್ಥ ಏನು ಎಂಬುದನ್ನು ಸಾಕ್ಷಿ, ಪಾಟಿಸವಾಲಿನ ಮೂಲಕ ಸಾಬೀತು ಮಾಡಬೇಕು ಎಂದಿತು. ಅಂದರೆ ನಾಳೆ ನೀವು ಕಟಕಟೆಯಲ್ಲಿ ನಿಂತಾಗ ಎದುರಿನ ವಕೀಲರು ಕೇಳುವ ಮೊದಲ ಪ್ರಶ್ನೆ ಇದು: 'ಹೋದ ವರ್ಷ ಹೆಬ್ಬೆಟ್ಟು ಹಾಕಿದ್ದು ನೋಡಿದೆ ಅಂತಲೋ, ಕೊಡ್ತೇನೆ ಅಂತಲೋ?' ನೀವು ಏನು ಹೇಳುತ್ತೀರಿ?

ಅದಕ್ಕೇ ನನ್ನ ಅಭಿಪ್ರಾಯದಲ್ಲಿ ನಿಮ್ಮ ಬಲವಾದ ವಾದ ಎಮೋಜಿಯಲ್ಲಿ ಇಲ್ಲವೇ ಇಲ್ಲ. ಅದು ವ್ಯಾಪಾರಿಯ ಮೆಸೇಜಿನಲ್ಲಿದೆ. ಅದರ ಕೊನೆಯ ಸಾಲು ಮತ್ತೊಮ್ಮೆ ಓದಿ: 'ತೇವ ನೋಡಿ ರೇಟು ಫೈನಲ್ ಮಾಡುವ.'

ರೇಟು ಇನ್ನೂ ಫೈನಲ್ ಆಗಿಲ್ಲ ಎಂದು ಅವರೇ ಬರೆದಿದ್ದಾರೆ. ಗಾಡಿ ಬಂದ ಮೇಲೆ 'ತೇವ ಜಾಸ್ತಿ, 48 ಸಾವಿರ ಕೊಡ್ತೆ' ಎನ್ನುವ ಜಾಗ ತಮಗೆ ಇಟ್ಟುಕೊಂಡಿದ್ದಾರೆ. ಪೇಟೆ ಬಿದ್ದಿದ್ದರೆ ತೇವ ಜಾಸ್ತಿ ಕಾಣುತ್ತಿತ್ತೋ ಏನೋ, ನಾನು ಹಾಗೆ ಹೇಳುವುದಿಲ್ಲ. ತನ್ನ ಬಾಗಿಲು ತೆರೆದಿಟ್ಟುಕೊಂಡವನು ನಿಮ್ಮ ಬಾಗಿಲಿಗೆ ಬೀಗ ಬಿತ್ತು ಎನ್ನಲು ಬರುವುದಿಲ್ಲ. ನೀವು ಹೆಬ್ಬೆಟ್ಟು ಎತ್ತಿದ್ದು 'ಸೋಮವಾರ ಗಾಡಿ ಬರಲಿ, ತೇವ ನೋಡಿ ರೇಟು ಮಾತಾಡೋಣ' ಎಂಬುದಕ್ಕೆ ಎಂದು ವಾದಿಸಬಹುದು. ಅದು ಸುಳ್ಳಲ್ಲ, ಮೆಸೇಜಿನಲ್ಲೇ ಇದೆ. ಮುಂದೆ ಮಾತಾಡೋಣ ಎಂಬ ಒಪ್ಪಂದ ಒಪ್ಪಂದವಲ್ಲ. ಅರ್ಥ ಖಚಿತವಾಗಿಲ್ಲದ, ಖಚಿತ ಮಾಡಲೂ ಬಾರದ ಒಪ್ಪಂದ ನಡೆಯುವುದಿಲ್ಲ ಎಂದು ಕರಾರು ಕಾಯ್ದೆಯ 29ನೇ ಸೆಕ್ಷನ್ ಹೇಳುತ್ತದೆ.

ವ್ಯಾಪಾರಿಯ ಕಡೆಯವರು ಸುಮ್ಮನಿರುವುದಿಲ್ಲ. 50 ಸಾವಿರ ಎಂಬುದೇ ಬೆಲೆ, ತೇವಕ್ಕೆ ಸ್ವಲ್ಪ ಕಳೆಯುವುದು ಅಡಿಕೆ ಪೇಟೆಯ ರೂಢಿ, ಅದು ಎಲ್ಲರಿಗೂ ಗೊತ್ತಿರುವ ಲೆಕ್ಕ ಎನ್ನುತ್ತಾರೆ. 29ನೇ ಸೆಕ್ಷನ್ನಿನ ಕೆಳಗೇ ಅವರಿಗೆ ಸಹಾಯವಾಗುವ ಒಂದು ಉದಾಹರಣೆ ಇದೆ. ನೂರು ಟನ್ ಎಣ್ಣೆ ಎಂದಷ್ಟೇ ಹೇಳಿದರೆ ಯಾವ ಎಣ್ಣೆ ಎಂದು ಗೊತ್ತಾಗದು, ಒಪ್ಪಂದ ಬೀಳುತ್ತದೆ. ಆದರೆ ಮಾರುವವನು ಕೊಬ್ಬರಿ ಎಣ್ಣೆ ಬಿಟ್ಟು ಬೇರೇನೂ ಮಾರದ ವ್ಯಾಪಾರಿಯಾಗಿದ್ದರೆ ಅದು ಕೊಬ್ಬರಿ ಎಣ್ಣೆಯೇ. ವ್ಯಾಪಾರದ ರೂಢಿ ಬಿಟ್ಟ ಸ್ಥಳ ತುಂಬುತ್ತದೆ ಎಂದು ತಾತ್ಪರ್ಯ. ಹೋದ ವರ್ಷ ತೇವ ನೋಡಿದ ಮೇಲೆ ಅವರು ಎಷ್ಟು ಕಳೆದರು, ಚೌಕಾಸಿ ಆಯಿತೇ, ನೀವು ಸರಿ ಎಂದಿರೋ ಜಗಳ ಮಾಡಿದಿರೋ? ಅದರ ಮೇಲೆ ಎಲ್ಲ ನಿಂತಿದೆ. ಗಾಡಿಯ ಬಳಿ ನಿಂತು ಅರ್ಧ ಗಂಟೆ ಚೌಕಾಸಿ ಮಾಡಿ ಆಮೇಲೆ ತೂಕ ಹಾಕಿಸಿದ್ದರೆ ನಿಮಗೆ ಒಳ್ಳೆಯದು. ಹೆಬ್ಬೆಟ್ಟಿನ ಹೊತ್ತಿಗೆ ವ್ಯಾಪಾರ ಮುಗಿದಿರಲಿಲ್ಲ ಎಂದು ಅದೇ ಹೇಳುತ್ತದೆ.

ಒಪ್ಪಿಗೆ ಕೊಟ್ಟ ಮೇಲೆ ವಾಪಸ್ ತೆಗೆದುಕೊಳ್ಳಬಹುದಿತ್ತೇ ಎಂದು ಕೇಳುವವರು ತುಂಬ ಜನ. ಕರಾರು ಕಾಯ್ದೆಯ 4 ಮತ್ತು 5ನೇ ಸೆಕ್ಷನ್ ಪ್ರಕಾರ ಒಪ್ಪಿಗೆ ಎದುರಿನವನ ಅರಿವಿಗೆ ಬರುವ ಮೊದಲು ವಾಪಸ್ ತೆಗೆದುಕೊಳ್ಳಬಹುದು. 1872ರಲ್ಲಿ ಅದನ್ನು ಅಂಚೆ ಕಾಗದದ ಲೆಕ್ಕದಲ್ಲಿ ಬರೆದರು. ನನಗೆ ಅದನ್ನು ಓದಿದಾಗೆಲ್ಲ ನೀಲಿ ಟಿಕ್ ಕಾಣುತ್ತದೆ. ಟಿಕ್ ನೀಲಿಯಾಗುವ ಮೊದಲು 'ಎಲ್ಲರಿಗೂ ಅಳಿಸು' ಒತ್ತಿದ್ದರೆ ವಾದಕ್ಕೆ ಜಾಗ ಇರುತ್ತಿತ್ತು. ಆಮೇಲೆ ಅಳಿಸಿದರೆ ಅದು ಕರಾರನ್ನು ಅಳಿಸುವುದಿಲ್ಲ, ಗುಮಾನಿ ಹುಟ್ಟಿಸುತ್ತದೆ. ಹಳೆಯ ಕಾಯ್ದೆಗೆ ಹೊಸ ಯಂತ್ರ ಹೊಂದಿಸುವ ಈ ಕಸರತ್ತು ಮೊದಲ ಸಲವೇನಲ್ಲ. ಅಹಮದಾಬಾದಿನಿಂದ ಖಾಮಗಾಂವ್‌ಗೆ ಫೋನಿನಲ್ಲಿ ಹತ್ತಿಕಾಳಿನ ಹಿಂಡಿಯ ವ್ಯಾಪಾರ ಕುದುರಿ, ಆಮೇಲೆ ಕೆಟ್ಟು, ಕರಾರು ಆದದ್ದು ಯಾವ ಊರಿನಲ್ಲಿ ಎಂಬ ಪ್ರಶ್ನೆ 1965ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಒಪ್ಪಿಗೆ ಕಿವಿಗೆ ಬಿದ್ದ ಊರಿನಲ್ಲಿ ಎಂದರು. ಟೆಲಿಫೋನಿನ ಕಲ್ಪನೆಯೇ ಇಲ್ಲದವರು ಬರೆದ ಕಾಯ್ದೆ ಹಿಂಡಿಯ ವ್ಯಾಪಾರಕ್ಕೆ ಒಗ್ಗಿತು. ಅಡಿಕೆಯ ಎಮೋಜಿಗೂ ಒಗ್ಗುತ್ತದೆ, ಬಿಡಿ.

ಈಗ ಚಾಟ್ ಅಳಿಸುವ ವಿಷಯ. ನಿಮ್ಮ ಫೋನಿನಲ್ಲಿ ಅಳಿಸಿದರೆ ಅವರ ಫೋನಿನಲ್ಲಿ ಇದ್ದೇ ಇರುತ್ತದೆ. ಹಾಗಾಗಿ ನಿಮಗೆ ಸಿಗುವ ಲಾಭ ಸೊನ್ನೆ. ನಷ್ಟ ಮಾತ್ರ ದೊಡ್ಡದು. ಇದ್ದ ಸಾಕ್ಷ್ಯ ಮುಚ್ಚಿಟ್ಟವನಿಗೆ ಆ ಸಾಕ್ಷ್ಯ ವಿರುದ್ಧವಾಗಿಯೇ ಇತ್ತು ಎಂದು ಕೋರ್ಟು ಊಹಿಸಬಹುದು. ಕೋರ್ಟಿಗೆ ಹೋಗುವುದನ್ನು ತಪ್ಪಿಸಲೆಂದೇ ದಾಖಲೆ ನಾಶ ಮಾಡಿದರೆ ಅದು ಅಪರಾಧದ ಸಾಲಿಗೂ ಬರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮನ್ನು ಕಾಪಾಡಬಹುದಾದ 'ತೇವ ನೋಡಿ' ಎಂಬ ಸಾಲು ಇರುವುದೂ ಅದೇ ಚಾಟ್‌ನಲ್ಲಿ! ಅವರು ಬರೀ ಸ್ಕ್ರೀನ್‌ಶಾಟ್ ಕತ್ತರಿಸಿ ತಂದರೆ ಪೂರ್ತಿ ಚಾಟ್ ತೋರಿಸಬೇಕಾದವರು ನೀವು.

ತೋರಿಸುವುದಕ್ಕೂ ಒಂದು ಕ್ರಮ ಇದೆ. 2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಅದರ 63ನೇ ಸೆಕ್ಷನ್ ಪ್ರಕಾರ ಚಾಟ್‌ನ ಪ್ರತಿ ಹಾಜರು ಮಾಡುವಾಗ ಜೊತೆಗೆ ಪ್ರಮಾಣಪತ್ರ ಬೇಕು. ಒಂದು ಭಾಗ ನಿಮ್ಮದು, ಇನ್ನೊಂದು ಭಾಗ ತಜ್ಞರದ್ದು. ಅದನ್ನು ನಿಮ್ಮ ವಕೀಲರು ನೋಡಿಕೊಳ್ಳುತ್ತಾರೆ. ನಿಮ್ಮ ಕೆಲಸ ಇಷ್ಟೇ: ಆ ಫೋನು ಮಾರಬೇಡಿ, ರೀಸೆಟ್ ಮಾಡಬೇಡಿ, ಚಾಟ್ ತಾನಾಗಿ ಮಾಯವಾಗುವ ಸೆಟ್ಟಿಂಗ್ ಆನ್ ಇದ್ದರೆ ಈಗಲೇ ಆಫ್ ಮಾಡಿ. ಹೆಬ್ಬೆಟ್ಟನ್ನು ಬೇರೆ ಮೆಸೇಜಾಗಿ ಕಳಿಸಿದಿರೋ, ಅವರ ಮೆಸೇಜಿನ ಮೇಲೆ ಬೆರಳಿಟ್ಟು ಪ್ರತಿಕ್ರಿಯೆಯಾಗಿ ಅಂಟಿಸಿದಿರೋ ಎಂಬುದನ್ನೂ ನೋಡಿ. ಅಂಟಿಸಿದ್ದಾದರೆ ಯಾವ ಮೆಸೇಜಿಗೆ ಎಂಬ ಬಗ್ಗೆ ವಾದ ಉಳಿಯುವುದಿಲ್ಲ. ಬೇರೆಯಾಗಿ ಕಳಿಸಿದ್ದಾದರೆ, ನಡುವೆ ಇನ್ನೇನು ಮಾತು ಬಂದಿತ್ತು ಎಂಬುದು ಮುಖ್ಯವಾಗುತ್ತದೆ.

ನೋಟಿಸ್ ವಾಟ್ಸಾಪಿನಲ್ಲೇ ಬರಬಹುದು. ನೀಲಿ ಟಿಕ್ ಬಂದ್ ಮಾಡಿ ನೋಡಿಲ್ಲ ಎಂದುಬಿಡೋಣ ಎನ್ನುವವರು ಇದ್ದಾರೆ. ಅವರಿಗೆ 2018ರ ಬಾಂಬೆ ಹೈಕೋರ್ಟಿನ ಒಂದು ಆದೇಶ ನೆನಪಿಸುತ್ತೇನೆ. ಕ್ರೆಡಿಟ್ ಕಾರ್ಡ್ ಬಾಕಿಯ ಪ್ರಕರಣದಲ್ಲಿ ವಾಟ್ಸಾಪಿನಲ್ಲಿ ಕಳಿಸಿದ ನೋಟಿಸಿಗೆ ನೀಲಿ ಟಿಕ್ ಬಿದ್ದಿತ್ತು. ತಲುಪಿದ್ದಷ್ಟೇ ಅಲ್ಲ, ತೆರೆದೂ ನೋಡಿದ್ದಾನೆ ಎಂದು ಕೋರ್ಟು ಅದನ್ನು ಜಾರಿ ಎಂದೇ ತೆಗೆದುಕೊಂಡಿತು. ನೋಟಿಸ್ ಬಂದರೆ ಉತ್ತರ ಕೊಡಿ, ವಕೀಲರ ಮೂಲಕ ಕೊಡಿ. ದಯವಿಟ್ಟು ಅದಕ್ಕೂ ಹೆಬ್ಬೆಟ್ಟು ಹಾಕಬೇಡಿ.

ದುಡ್ಡಿನ ಲೆಕ್ಕ ನೋಡೋಣ. ಸೋತರೆ ಕೊಡಬೇಕಾದದ್ದು ಸಾಮಾನ್ಯವಾಗಿ ಒಪ್ಪಿದ ಬೆಲೆಗೂ ತಪ್ಪಿದ ದಿನದ ಪೇಟೆ ಬೆಲೆಗೂ ಇರುವ ವ್ಯತ್ಯಾಸ. 12 ಕ್ವಿಂಟಲ್, ನಾಲ್ಕು ಸಾವಿರದ ಹಾಗೆ, 48 ಸಾವಿರ. ಗೆದ್ದರೆ ಉಳಿಯುವುದೂ ಅಷ್ಟೇ. ಇದಕ್ಕಾಗಿ ವರ್ಷಗಟ್ಟಲೆ ವಾಯಿದೆಗೆ ಅಲೆಯುವುದು, ವಕೀಲರ ಫೀಸು, ಬಸ್ಸು, ಕೋರ್ಟಿನ ಎದುರಿನ ಹೋಟೆಲಿನ ಮಸಾಲೆದೋಸೆ, ಇವನ್ನೆಲ್ಲ ಕೂಡಿಸಿ. ಗೆದ್ದವರೂ ಸೋತವರೂ ಒಂದೇ ಬಸ್ಸಿನಲ್ಲಿ ಖಾಲಿ ಜೇಬಿನಲ್ಲಿ ಊರಿಗೆ ಬರುತ್ತೀರಿ. ಮೇಲಾಗಿ ಆತ ನಿಮ್ಮ ಖಾಯಂ ವ್ಯಾಪಾರಿ.

ನಾನಾಗಿದ್ದರೆ ಇವತ್ತೇ ಫೋನು ಮಾಡುತ್ತಿದ್ದೆ. 'ರೇಟು ಫೈನಲ್ ಆಗಿರಲಿಲ್ಲ ಅಂತ ನೀವೇ ಬರೆದಿದ್ದೀರಿ, ನಾನು ಹಿಂದೆ ಕೊಟ್ಟದ್ದೂ ಹೌದು, ನಡುವೆ ಒಂದು ಬೆಲೆಗೆ ಬನ್ನಿ' ಎನ್ನುತ್ತಿದ್ದೆ. 52 ಸಾವಿರಕ್ಕೆ ಕುದುರಿದರೆ ಇಬ್ಬರಿಗೂ ಮಾನ ಉಳಿಯಿತು. ಕುದುರಿದ್ದನ್ನು ಮಾತ್ರ ಪೂರ್ತಿ ವಾಕ್ಯದಲ್ಲಿ ಬರೆದು ಕಳಿಸಿ, ಅವರಿಂದಲೂ ಪೂರ್ತಿ ವಾಕ್ಯದಲ್ಲಿ ಉತ್ತರ ತರಿಸಿಕೊಳ್ಳಿ. ಮುಂದಿನ ಸಲ ಕೈಯಲ್ಲಿ ಕತ್ತಿ ಇದ್ದರೆ ಫೋನು ಮುಟ್ಟಬೇಡಿ. ಮುಟ್ಟಿದರೂ 'ನೋಡಿದೆ, ರಾತ್ರಿ ಹೇಳ್ತೆ' ಎಂದು ಧ್ವನಿಯಲ್ಲಾದರೂ ಕಳಿಸಿ. ಮೂರು ಪದ. ಆ ಹೆಬ್ಬೆಟ್ಟಿಗಿಂತ 48 ಸಾವಿರ ಅಗ್ಗ.

ಇನ್ನೊಂದು ವಿಷಯ. ನಿಮ್ಮ ಪತ್ರ ಬಂದ ದಿನವೇ ಹೋದ ವರ್ಷದ ಚಾಟ್‌ನ ಸ್ಕ್ರೀನ್‌ಶಾಟ್ ಕಳಿಸಿ ಎಂದು ನಿಮಗೆ ಮೆಸೇಜ್ ಮಾಡಿದ್ದೆ. ಅದಕ್ಕೆ ನೀವು ಹೆಬ್ಬೆಟ್ಟು ಎತ್ತಿದಿರಿ. ಇವತ್ತಿಗೆ ಆರು ದಿನ. ಅದು ಯಾವ ಹೂಂ ಅಂತ ಒಂದು ಸಾಲು ಬರೆಯಿರಿ.